ಅತ್ತೆಮ್ಮನ ಉಸಿರಿಗೆ ಜಾಗ ಬಿಟ್ಟವಳು

ನಸುಕಿಗೇ ಅವಳು ಸೈನ್ಯದ ತೋಪು ರಿಪೇರಿಯ ಶೆಡ್ಡಿನಲ್ಲಿದ್ದಾಳೆ. ಗಂಡನನ್ನು ಮಣ್ಣು ಮಾಡಿ, ನೆಂಟರನ್ನೆಲ್ಲ ಕಳಿಸಿದ ಮೇಲಿನ ಮೊದಲ ಮಾಮೂಲಿ ಬೆಳಗು. ಮನೆಗೆ ಬೀಗ ಹಾಕುವುದು ಅವನ ಕೆಲಸವಾಗಿತ್ತು. ಮರೆತು ಅರ್ಧ ದಾರಿಯಿಂದ ವಾಪಸು ಹೋಗಿ ಹಾಕಿ ಬಂದಿದ್ದಾಳೆ.

ಎದುರಿಗೆ ವಿಮಾನಗಳನ್ನು ಹೊಡೆದುರುಳಿಸುವ ಜೋಡಿ ನಳಿಕೆಯ ತೋಪು. ಸೈನಿಕರ ಬಾಯಲ್ಲಿ ಇದು ‘ಅತ್ತೆಮ್ಮ’. ಮೂಲೆಯಲ್ಲಿರುವ ನಾಲ್ಕು ನಳಿಕೆಯದು ‘ಹೊಲಿಗೆ ಮಷಿನ್ನು’.

"ಬಾಯಿ ತೆಗೆದ್ರೆ ಆಕಾಶಕ್ಕೇ ಬೈತಾಳಲ್ಲ, ಅದಕ್ಕೇ ಅತ್ತೆಮ್ಮ" ಎಂದು ತನಗೇ ಹೇಳಿಕೊಳ್ಳುತ್ತಾಳೆ ಅವಳು. ನಗುವುದಿಲ್ಲ.

ಗುಂಡು ಹಾರಿದಾಗ ನಳಿಕೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯುವ ಕೊಳವೆಗೆ ಎಣ್ಣೆ ತುಂಬುತ್ತಿದ್ದವನು ಅವಳ ಗಂಡ. ಇವಳು ವರ್ಷಗಟ್ಟಲೆ ಅವನ ಕೈಯಾಳು. ಇವತ್ತು ಬೆಳಗಿನ ಚಳಿಯಲ್ಲಿ ಮೊದಲ ಸಲ ಒಬ್ಬಳೇ ಎರಡೂ ನಳಿಕೆಯ ಕೊಳವೆಗೆ ಎಣ್ಣೆ ತುಂಬುತ್ತಾಳೆ.

"ಮಧ್ಯಾಹ್ನ ಗುಂಡು ಹಾರಿಸೋ ಪರೀಕ್ಷೇಲಿ ಇದು ಪಾಸಾದ್ರೆ ಅವನ ಜಾಗ ನಿಂದು. ಇಲ್ಲಾಂದ್ರೆ ಪಕ್ಕದ ಶೆಡ್ಡಿನ ಫಿಟ್ಟರ್‌ಗೆ. ಪಾಪ ಅಂತ ಕೊಡೋಲ್ಲಮ್ಮ" ಎನ್ನುತ್ತಾನೆ ಶೆಡ್ಡಿನ ಮೇಸ್ತ್ರಿ.

"ಪಾಪ ಅಂತ ನಾನೂ ತಗೊಳ್ಳಲ್ಲ."

ಮಧ್ಯಾಹ್ನ, ಬಯಲಿನಲ್ಲಿ ಪರೀಕ್ಷೆ. ಕೆಲವು ಗುಂಡು ಹಾರುತ್ತಲೇ ಎಡಗಡೆಯ ನಳಿಕೆ ಹಿಂದೆ ಸರಿದದ್ದು ಪೂರ್ತಿ ಮುಂದೆ ಬರದೆ, ಬೆರಳಗಲ ಉಳಿಸಿ ನಿಂತುಬಿಡುತ್ತದೆ.

"ಅತ್ತೆಮ್ಮ ಮುನಿಸ್ಕೊಂಡ್ಳು! ಹೊಸ ಸೊಸೆ ಕೈ ಸೋಕ್ತಲ್ಲ!" ಸೈನಿಕನೊಬ್ಬ ಕೂಗುತ್ತಾನೆ.

"ಪಕ್ಕದ ಶೆಡ್ಡಿನವನ್ನ ಕರೀಲಾ?" ಮೇಸ್ತ್ರಿಯ ಪ್ರಶ್ನೆ.

"ಬೇಡಿ. ಬೆಳಿಗ್ಗೆ ಚಳೀಲಿ ಆ ಕಡೆ ಕೊಳವೇನ ಕಂಠಮಟ್ಟ ತುಂಬ್ಸಿಬಿಟ್ಟೆ. ಬಿಸಿಗೆ ಎಣ್ಣೆ ಉಬ್ಬಿದೆ, ಒಳಗೆ ಉಸಿರಾಡೋಕೆ ಜಾಗ ಇಲ್ಲ. ತಪ್ಪು ನಂದು, ನಾನೇ ಸರಿ ಮಾಡ್ತೀನಿ."

ಗುಂಡು ತೆಗೆಸಿ, ಬಿಸಿ ಆರಗೊಡದೆ ಕೆಲಸಕ್ಕಿಳಿಯುತ್ತಾಳೆ. ಕೊಳವೆಯ ಬಿರಡೆ ಕಚ್ಚಿಕೊಂಡಿದೆ. ಉಕ್ಕಿನ ಸುತ್ತಿಗೆಯಿಂದ ಬಡಿದರೆ ಬಿರಡೆಯ ಅಂಚು ಮುರಿಯುತ್ತದೆ. ಗಂಡನ ಪೆಟ್ಟಿಗೆಯಲ್ಲಿ ಮೆತ್ತನೆಯ ತಾಮ್ರದ ಸುತ್ತಿಗೆಯೊಂದಿದೆ. ಪಕ್ಕದ ಶೆಡ್ಡಿನ ಫಿಟ್ಟರ್‌ನಿಂದ ಅವನು ಎರವಲು ಇಸ್ಕೊಂಡು ಬಂದದ್ದು. ಅದರಿಂದ ಹದವಾಗಿ ತಟ್ಟಿ, ಬಿರಡೆ ಸಡಿಲಿಸಿ, ಅಂಗೈ ತುಂಬುವಷ್ಟು ಎಣ್ಣೆ ಹೊರಬಿಡುತ್ತಾಳೆ. ನಳಿಕೆ ನಿಧಾನವಾಗಿ ಮುಂದೆ ಜಾರಿ, ತನ್ನ ಜಾಗದಲ್ಲಿ ಕೂರುತ್ತದೆ.

ಮತ್ತೆ ಗುಂಡು ತುಂಬಿದಾಗ ಅತ್ತೆಮ್ಮ ಆಕಾಶಕ್ಕೆ ಮನಸಾರೆ ಬೈಯುತ್ತಾಳೆ. ಎರಡೂ ನಳಿಕೆ ಒಮ್ಮೆಯೂ ತಡವರಿಸುವುದಿಲ್ಲ.

"ನಾಳೆ ಹೊಲಿಗೆ ಮಷಿನ್ನು ಬಿಚ್ಚು" ಎಂದಷ್ಟೇ ಹೇಳಿ ಮೇಸ್ತ್ರಿ ಹೊರಡುತ್ತಾನೆ.

ಸಂಜೆ ಅವಳು ಸಲಕರಣೆ ಕೊಡುವ ಸ್ಟೋರಿಗೆ ಹೋಗಿ, ಅಲ್ಲಿಂದ ಪಕ್ಕದ ಶೆಡ್ಡಿಗೆ ಬರುತ್ತಾಳೆ. ಎಣ್ಣೆ ಒರೆಸಿದ ತಾಮ್ರದ ಸುತ್ತಿಗೆಯನ್ನು ಫಿಟ್ಟರ್‌ನ ಮುಂದಿಡುತ್ತಾಳೆ.

"ಅಯ್ಯೋ, ನೀನೇ ಇಟ್ಕೋ ತಂಗಿ. ಅವನ ನೆನಪಿಗಿರ್ಲಿ."

"ಬೇಡಣ್ಣ. ಇದು ಅವರು ಇಸ್ಕೊಂಡಿದ್ದು. ಸ್ಟೋರಲ್ಲಿ ನನ್ನ ಹೆಸರಲ್ಲಿ ಹೊಸದು ಬರೆಸಿ ತಗೊಂಡಿದ್ದೀನಿ."