ಅವಳು ಬರಲಿ

ಇಡೀ ಬೀದಿಗೆ ಆಕೆ ಅತ್ತಿಗೆಮ್ಮ. ಹೆಸರು ಹುಟ್ಟಿಸಿದವನು ಮೈದುನ. ಅಣ್ಣನ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಅವನು ದಿನಕ್ಕೆ ಹತ್ತು ಸಲ ಅತ್ತಿಗೆ, ಅತ್ತಿಗೆ ಎಂದು ಕೂಗುವುದನ್ನು ಕೇಳಿ ಕೇಳಿ ಎದುರಿನ ಟೈಲರು, ಪಕ್ಕದ ಬೇಕರಿಯವನು, ಕಾಗದ ಹಂಚುವ ಅಂಚೆಯವನು ಎಲ್ಲರ ಬಾಯಲ್ಲೂ ಅದೇ ನಿಂತಿತು. ತನ್ನ ಅಪ್ಪನ ವಯಸ್ಸಿನವರೂ ಹಾಗೆ ಕರೆಯತೊಡಗಿದಾಗ ಆಕೆ ಮೊದಮೊದಲು ಮೂಗು ಮುರಿದಳು. ಆಮೇಲೆ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ಮರೆತುಹೋಯಿತು.

ಅಂಗಡಿ ಎಂದರೆ ಎಂಟು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲದ ಒಂದು ಕೋಣೆ. ಮೂರು ಗೋಡೆಗೂ ಸೂರಿನವರೆಗೆ ಹಲಗೆ. ಹಲಗೆಗಳ ಮೇಲೆ ನಲವತ್ತು ಐವತ್ತು ವರ್ಷ ಹಳೆಯ ಆಂಪ್ಲಿಫೈಯರ್‌ಗಳು, ರೆಕಾರ್ಡ್ ಸುತ್ತಿಸುವ ಟರ್ನ್‌ಟೇಬಲ್‌ಗಳು, ಒಬ್ಬರೇ ಎತ್ತಲಾಗದ ಮರದ ಸ್ಪೀಕರ್ ಪೆಟ್ಟಿಗೆಗಳು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಚೀಟಿ, ಅದರಲ್ಲಿ ಕಾಯಿಲೆ ಏನೆಂದು ಗಂಡನ ಕೈಬರಹ: ‘ಬಲಗಡೆ ಗೊರಗೊರ’, ‘ಬೆಲ್ಟು ಸಡಿಲ’, ‘ಬಿಸಿಯಾದರೆ ಮೂಕ’. ಗಂಡನನ್ನು ಜನ ಕಿವಿ ಮಾಸ್ತರು ಅನ್ನುತ್ತಿದ್ದರು. ಸೆಟ್ಟು ಬಿಚ್ಚುವ ಮೊದಲೇ, ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿ ರೋಗ ಎಲ್ಲಿದೆ ಎಂದು ಹೇಳಿಬಿಡುವ ಕಿವಿ ಅವರದು. ಎರಡು ಬಸ್ಸು ಬದಲಿಸಿ ಸೆಟ್ಟು ಹೊತ್ತು ತರುವವರಿದ್ದರು.

ಆ ಕಿವಿಯ ಹಿಂದೆ ಒಂದು ಗುಟ್ಟಿತ್ತು. ಮಾಸ್ತರಿಗೆ ಬಣ್ಣ ಗೊತ್ತಾಗುತ್ತಿರಲಿಲ್ಲ. ಕೆಂಪು, ಹಸಿರು, ಕಂದು ಮೂರೂ ಅವರ ಕಣ್ಣಿಗೆ ಒಂದೇ ಮಣ್ಣಿನ ಬಣ್ಣ. ಮದುವೆಯಾದ ಎರಡನೇ ತಿಂಗಳು, ನಿನಗಿಷ್ಟದ ಹಸಿರು ಎಂದು ಹೇಳಿ ಒಂದು ಸ್ವೆಟರ್ ತಂದುಕೊಟ್ಟರು. ಬಿಚ್ಚಿದರೆ ಇಟ್ಟಿಗೆಗೆಂಪು. ಆಕೆ ಬಿದ್ದು ಬಿದ್ದು ನಕ್ಕಳು, ಆಮೇಲೆ ಅವರ ಮುಖ ನೋಡಿ ತೆಪ್ಪಗಾದಳು. ರಿಪೇರಿಯವನಿಗೆ ಇದು ಸಣ್ಣ ಮಾತಲ್ಲ. ಈ ಯಂತ್ರಗಳ ಹೊಟ್ಟೆಯಲ್ಲಿ ರೆಸಿಸ್ಟರ್ ಎನ್ನುವ ಚಿಕ್ಕ ಚಿಕ್ಕ ಬಿಡಿಭಾಗಗಳು ನೂರಾರು ಇರುತ್ತವೆ. ಅವುಗಳ ಮೇಲೆ ಅಂಕಿ ಬರೆದಿರುವುದಿಲ್ಲ, ಮೈ ಸುತ್ತ ಬಣ್ಣದ ಪಟ್ಟಿಗಳಿರುತ್ತವೆ, ಬಣ್ಣವೇ ಅಂಕಿ. ಮೂರನೇ ಪಟ್ಟಿಯೊಂದು ತಪ್ಪಿದರೆ ಸಾವಿರ ಇರಬೇಕಾದ ಕಡೆ ನೂರು ಹೋಗಿ ಕೂರುತ್ತದೆ. ಚೆನ್ನಾಗಿರುವುದನ್ನು ಮೀಟರ್ ಹಿಡಿದು ಅಳೆಯಬಹುದು. ಸುಟ್ಟುಹೋದದ್ದು ಮೀಟರಿಗೆ ಏನೂ ಹೇಳುವುದಿಲ್ಲ, ಅಳಿದುಳಿದ ಬಣ್ಣವನ್ನು ಕಣ್ಣಿನಿಂದಲೇ ಓದಬೇಕು.

ಯಾರಿಗೂ ಹೇಳಬೇಡ ಎಂದು ಅವರು ಕೇಳಿಕೊಂಡರು. ಆಕೆ ಮಾತು ಕೊಟ್ಟಳು. ಮರುದಿನ ಅಂಗಡಿಯಲ್ಲಿ ಅವರ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಬಂತು. ಮೂವತ್ತೊಂದು ವರ್ಷ ಆಕೆ ಆ ಸ್ಟೂಲಿನಲ್ಲಿ ಕೂತು, ಗಿರಾಕಿಗಳಿಗೆ ಕೇಳಿಸದ ಹಾಗೆ, ಕಂದು ಕಪ್ಪು ಕೆಂಪು, ಹಳದಿ ನೇರಳೆ ಕಿತ್ತಳೆ ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಬೀದಿಯವರು ಬೇರೆಯೇ ಲೆಕ್ಕ ಹಾಕಿದ್ದರು. ಗಂಡನನ್ನು ಬಿಟ್ಟು ಒಂದು ಗಳಿಗೆ ಇರಲಾರಳು, ಇಬ್ಬರದೂ ಇನ್ನೂ ಗುಸುಗುಸು ಮುಗಿದಿಲ್ಲ ಎಂದು ಟೈಲರ ಹೆಂಡತಿ ನಗೆಯಾಡುತ್ತಿದ್ದಳು. ಗುಸುಗುಸು ಏನೋ ನಿಜವೇ. ಬಣ್ಣ ಹೇಳುತ್ತ ಹೇಳುತ್ತ ಅದು ಯಾಕೆ ಅಲ್ಲಿದೆ, ತೆಗೆದರೆ ಏನಾಗುತ್ತದೆ ಎಂಬುದೂ ಆಕೆಗೆ ಕರತಲಾಮಲಕವಾಯಿತು. ಹತ್ತನೇ ವರ್ಷದ ಹೊತ್ತಿಗೆ ಸೀಸ ಕರಗಿಸಿ ಬೆಸೆಯುವುದರಲ್ಲಿ ಆಕೆಯ ಕೈ ಗಂಡನ ಕೈಗಿಂತ ಚೊಕ್ಕವಾಗಿತ್ತು. ಇದನ್ನು ಗಂಡನೇ ಒಪ್ಪಿಕೊಂಡಿದ್ದರು, ಆದರೆ ಬಾಗಿಲು ಹಾಕಿದ ಮೇಲೆ.

ಮೈದುನ ಬೇರೆ ದಾರಿ ಹಿಡಿದ. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿ ಹೊಸ ಸ್ಪೀಕರುಗಳನ್ನು ಮಾರತೊಡಗಿದ. ಅಂಗೈ ಮೇಲೆ ಕೂರುವ ಡಬ್ಬಿಗಳು. ತಂತಿಯಿಲ್ಲ, ತಿರುಪಿಲ್ಲ, ಬಾಯಲ್ಲಿ ಹೇಳಿದರೆ ಹಾಡುತ್ತವೆ. ಅಂಥದ್ದೊಂದನ್ನು ಅತ್ತಿಗೆಗೂ ತಂದುಕೊಟ್ಟಿದ್ದ. ಆಕೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಸ್ಕ್ರೂ ಎಲ್ಲಿದೆ ಎಂದು ಕೇಳಿದಳು. ಸ್ಕ್ರೂ ಇರಲ್ಲ, ಒಳಗೆಲ್ಲ ಅಂಟು ಹಾಕಿರುತ್ತಾರೆ ಎಂದ. ಕೆಟ್ಟರೆ? ಕೆಟ್ಟರೆ ಹೊಸದು ತಗೊಳ್ಳೋದು. ಆಕೆ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು. ಎರಡು ವರ್ಷಕ್ಕೆ ಅದು ಉಸಿರು ನಿಲ್ಲಿಸಿತು. ಅದಕ್ಕಿಂತ ಮೂವತ್ತು ವರ್ಷ ಹಿರಿಯದಾದ ಅಂಗಡಿಯ ಸೆಟ್ಟು ಆಗಲೂ ಹಾಡುತ್ತಿತ್ತು. ಅದರ ಗುಂಡಿ ತಿರುಗಿಸಿದರೆ ಕೈಗೆ ಭಾರ ಸಿಗುತ್ತಿತ್ತು, ದೀಪ ಹತ್ತಿದ ಮೇಲೂ ಒಂದು ಕ್ಷಣ ಯೋಚಿಸಿ ಆಮೇಲೆ ದನಿ ಬಿಡುತ್ತಿತ್ತು. ಹಾಡುವವಳು ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಗೋಡೆಯ ಮುಂದೆ, ಬಂದು ನಿಂತ ಹಾಗೆ ಕೇಳಿಸುತ್ತಿತ್ತು. ಡಬ್ಬಿಯೊಳಗೆ ಹಾಡುವವಳು ನಿಲ್ಲಲು ಜಾಗವೆಲ್ಲಿ ಎಂದು ಆಕೆ ಮುಖಕ್ಕೆ ಹೊಡೆದಂತೆ ಕೇಳಿದ್ದಳು. ಮೈದುನ ನಕ್ಕಿದ್ದ.

ಆಮೇಲೆ ಮಗಳ ಹೆರಿಗೆ ಬಂತು. ಬೇರೆ ಊರು, ಹೋಗಲೇಬೇಕು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆಕೆ ಸ್ಟೂಲು ಬಿಟ್ಟು ಎರಡು ವಾರಕ್ಕೆ ಹೋದಳು. ಗಂಡ ದಿನವೂ ಫೋನ್ ಮಾಡಿ ಮಗು ಹೇಗಿದೆ ಎಂದು ಕೇಳಿ, ಇಡುವ ಮೊದಲು ಯಾವಾಗ ಬರ್ತೀಯ ಎನ್ನುತ್ತಿದ್ದರು. ಒಂಬತ್ತನೇ ದಿನ ಆಕೆಗೆ ರೇಗಿತು. ನಾನಿಲ್ಲದೆ ಎರಡು ವಾರ ಇರೋಕಾಗಲ್ವಾ ಎಂದು ಗದರಿದಳು. ಹತ್ತನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಅವರು ಎದೆ ಹಿಡಿದುಕೊಂಡು ಕುಸಿದರಂತೆ. ಬೇಕರಿಯವನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ತಿಂಗಳು ಕಳೆದ ಮೇಲೆ ಮೈದುನ ಬಂದು ಎದುರು ಕೂತ. ಕೋಣೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಅವನ ಅಂಗಡಿಯ ಮಾಲು ಇಡಲು ಜಾಗ ಸಾಲದು, ಇಲ್ಲಿರುವ ಸೆಟ್ಟುಗಳನ್ನು ಅವರವರಿಗೆ ವಾಪಸು ಕೊಟ್ಟು, ಉಳಿದದ್ದನ್ನು ಗುಜರಿಗೆ ಹಾಕಿ, ಕೋಣೆಯನ್ನು ಗೋಡೌನ್ ಮಾಡೋಣ ಎಂದ. ಕೆಟ್ಟವನಲ್ಲ ಅವನು. ಅತ್ತಿಗೆ ಒಬ್ಬಳೇ ಆ ಸ್ಟೂಲಿನಲ್ಲಿ ಬಾಗಿಲು ನೋಡುತ್ತ ಕೂರುವುದು ಅವನಿಗೆ ಸಂಕಟವಾಗಿತ್ತು. ಅದನ್ನು ಹೇಳಲು ಬಾರದೆ ಗೋಡೌನ್ ಎಂದನೇನೋ.

"ರಿಪೇರಿ ಯಾರು ಮಾಡ್ತಾರೆ ಅತ್ತಿಗೆ? ನೀವು ಅಣ್ಣನ ಪಕ್ಕ ಕೂತಿದ್ರಿ, ಅಷ್ಟೇ."

ಆ ‘ಅಷ್ಟೇ’ ಎದೆಗೆ ನಾಟಿತು. ಬಣ್ಣದ ವಿಷಯ ನಾಲಿಗೆಯ ತುದಿಗೆ ಬಂತು. ಒಂದೇ ಒಂದು ಮಾತು ಆಡಿದ್ದರೆ ಮೈದುನ ಬಾಯಿ ಮುಚ್ಚುತ್ತಿದ್ದ. ಆದರೆ ಸತ್ತವರು ಎದ್ದು ಬಂದು ತಮ್ಮ ಪರ ಮಾತಾಡುವುದಿಲ್ಲ. ಕಿವಿ ಮಾಸ್ತರಿಗೆ ಕಣ್ಣೇ ಇರಲಿಲ್ಲವಂತೆ ಎಂದು ನಾಳೆ ಇಡೀ ಬೀದಿ ಆಡಿಕೊಳ್ಳುತ್ತದೆ. ಆಕೆ ನುಂಗಿಕೊಂಡಳು.

"ಸಂಗೀತದ ಮೇಷ್ಟ್ರ ಸೆಟ್ಟು ಅರ್ಧಕ್ಕೆ ನಿಂತಿದೆ," ಎಂದಳು. "ಅದನ್ನ ನಾನು ಸರಿ ಮಾಡ್ತೀನಿ. ಸರಿಯಾಗಿದೆ ಅಂತ ಮೇಷ್ಟ್ರೇ ಹೇಳ್ಲಿ. ಆಗದಿದ್ರೆ ಭಾನುವಾರ ಬೀಗದ ಕೈ ನಿನ್ನ ಕೈಲಿಡ್ತೀನಿ."

ಮೈದುನ ಒಪ್ಪಿದ. ಭಾನುವಾರಕ್ಕೆ ನಾಲ್ಕು ದಿನವಿತ್ತು.

ಮೇಷ್ಟ್ರು ಶಾಲೆಯಲ್ಲಿ ಪಿಟೀಲು ಕಲಿಸಿ ನಿವೃತ್ತರಾದವರು. ಅವರ ಆಂಪ್ಲಿಫೈಯರ್ ಮುಚ್ಚಳ ತೆಗೆದ ಹಾಗೇ ಮೇಜಿನ ಮೂಲೆಯಲ್ಲಿ ಇತ್ತು. ಎರಡು ತಿಂಗಳು ಆಕೆ ಅದರ ಹತ್ತಿರ ಸುಳಿದಿರಲಿಲ್ಲ, ಗಂಡ ಕೊನೆಗೆ ಮುಟ್ಟಿದ್ದು ಅದನ್ನೇ ಎಂದು. ಈಗ ದೂಳು ಊದಿ, ದಾರ ಎಳೆದು ಚೀಟಿ ತಿರುಗಿಸಿದಳು. ಗೊರಗೊರವೂ ಇಲ್ಲ, ಮೂಕವೂ ಇಲ್ಲ. ಎರಡೇ ಪದ ಇತ್ತು: ‘ಅವಳು ಬರಲಿ’.

ಆಕೆ ಸ್ಟೂಲಿನಲ್ಲಿ ಕೂತುಬಿಟ್ಟಳು. ದಿನವೂ ಯಾವಾಗ ಬರ್ತೀಯ ಎಂದು ಕೇಳಿದ್ದು ಇದಕ್ಕೆ. ಫೋನಿನಲ್ಲಿ ಬಣ್ಣ ತೋರಿಸುವುದು ಹೇಗೆ? ಕೇಳಿದವರನ್ನು ತಾನು ಗದರಿದ್ದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಟೇಬಲ್ ದೀಪವನ್ನು ಹತ್ತಿರ ಎಳೆದಳು.

ಸೆಟ್ಟು ಹಾಕಿ ಕೇಳಿದರೆ ಬಲಗಡೆ ನೀಟಾಗಿತ್ತು, ಎಡಗಡೆ ದನಿ ಒಡೆದು ಚೂರುಚೂರಾಗಿ ಬರುತ್ತಿತ್ತು. ಇಂಥ ಯಂತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಬಿಡಿಭಾಗ ಕೂರಿಸಿದ ಅವಳಿಜವಳಿ ಬೋರ್ಡುಗಳಿರುತ್ತವೆ. ಒಂದರಲ್ಲಿ ಏನಿದೆಯೋ ಇನ್ನೊಂದರಲ್ಲೂ ಅದೇ ಇರಬೇಕು. ಆಕೆ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಬಿಡಿಭಾಗದ ಬಣ್ಣವನ್ನು, ಪಕ್ಕದಲ್ಲಿ ಯಾರೋ ಕೂತು ಕೇಳುತ್ತಿರುವ ಹಾಗೆ, ಮೆಲ್ಲಗೆ ಬಾಯಿಬಿಟ್ಟು ಓದುತ್ತ ಹೋದಳು. ಎರಡನೇ ದಿನ ಮಧ್ಯಾಹ್ನ ನಾಲಿಗೆ ತಡೆಯಿತು. ಬಲಗಡೆ ಕಂದು, ಕಪ್ಪು, ಕೆಂಪು. ಎಡಗಡೆ ಅದೇ ಜಾಗದಲ್ಲಿ ಕಂದು, ಕಪ್ಪು, ಕಂದು. ಬೆಸುಗೆ ಹೊಸದು, ಗಂಡನ ಕೈಯದೇ. ತೆಗೆದ ಭಾಗಗಳನ್ನು ಅವರು ಹಾಕುತ್ತಿದ್ದ ತಗಡಿನ ಡಬ್ಬಿ ಮಗುಚಿದರೆ ಸುಟ್ಟು ಕರಕಲಾದ ರೆಸಿಸ್ಟರು ಸಿಕ್ಕಿತು. ಅದರ ಮೂರನೇ ಪಟ್ಟಿ ಅಷ್ಟಿಷ್ಟು ಉಳಿದಿತ್ತು. ಕೆಂಪು. ಮೇಷ್ಟ್ರು ಅವಸರ ಮಾಡಿದ್ದರು, ಹೆಂಡತಿ ಇರಲಿಲ್ಲ, ಅವರು ಕೆಂಪನ್ನು ಕಂದು ಎಂದುಕೊಂಡು ಸಾವಿರದ ಜಾಗದಲ್ಲಿ ನೂರನ್ನು ಕೂರಿಸಿದ್ದರು. ತಪ್ಪಾಗಿದೆ ಎಂದು ಕಿವಿ ಹೇಳಿತ್ತು. ಎಲ್ಲಿ ಎಂದು ಹೇಳಬೇಕಾದ ಕಣ್ಣು ಬೇರೆ ಊರಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿತ್ತು.

ಬದಲಿಸಲು ಐದು ನಿಮಿಷ ಬೇಕಾಯಿತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ತಮ್ಮದೇ ರೆಕಾರ್ಡ್ ತಂದರು. ಮೈದುನ ಬಾಗಿಲಿಗೆ ಒರಗಿ ನಿಂತ. ಆಕೆ ಮುಳ್ಳು ಇಳಿಸಿದಳು. ಚರಚರ ಎಂದು ಎರಡು ಸುತ್ತು, ಆಮೇಲೆ ಎಡಗಡೆಯಿಂದ ಪಿಟೀಲು ಎದ್ದಿತು. ಬೆನ್ನಿಗೇ ಹಾಡುವವಳು ಬಂದು ಕೋಣೆಯ ನಡುವೆ ನಿಂತಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಹಾಡು ಮುಗಿದ ಮೇಲೆ ಅವರು ಸೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು. "ಇದು ಮಾಸ್ತರ ಕೈ, ಬೇರೆ ಯಾರಿಗೂ ಬರಲ್ಲ. ಹೋಗೋ ಮುಂಚೆ ಮುಗಿಸಿಟ್ಟೇ ಹೋಗಿದ್ದಾರೆ, ಪುಣ್ಯಾತ್ಮ."

ಮೈದುನ ನೆಲ ನೋಡಿದ. ಅವನಿಗೂ ಹಾಗೇ ಅನ್ನಿಸಿತ್ತು ಎಂಬುದು ಮುಖದಲ್ಲೇ ಬರೆದಿತ್ತು. ಹೊಗಳಿಕೆ ಗಂಡನಿಗೆ ಸಿಕ್ಕಿತೆಂದು ಆಕೆಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ಚೀಟಿ ಅವಳ ಮುಷ್ಟಿಯಲ್ಲೇ ಇತ್ತು. ಬಿಚ್ಚಿ ತೋರಿಸಿದ್ದರೆ ಅಂಗಡಿ ಉಳಿಯುತ್ತಿತ್ತು, ಮಾಸ್ತರು ಉಳಿಯುತ್ತಿರಲಿಲ್ಲ.

ಆಕೆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ ಸ್ವಿಚ್ಚು ಆರಿಸಿದಳು. ವೈರು ಕಿತ್ತು ಸೆಟ್ಟನ್ನು ಮೇಜಿಗೆ ಎಳೆದು ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದಳು. ಏನು ಮಾಡ್ತಿದ್ದೀರಿ ಅತ್ತಿಗೆ, ಸರಿಯಾಗಿದೆಯಲ್ಲ ಎಂದು ಮೈದುನ ಮುಂದೆ ಬಂದ. ಆಕೆ ಅವನ ಕಡೆ ನೋಡಲಿಲ್ಲ. ವೈರು ಕಿತ್ತರೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿಯುತ್ತದೆ, ಅದು ಇಳಿಯುವ ತನಕ ಕಾಯಬೇಕು. ಇಬ್ಬರು ಗಂಡಸರನ್ನೂ ನಿಲ್ಲಿಸಿಕೊಂಡು ಆಕೆ ಕೈಕಟ್ಟಿ ಕಾದಳು. ಆಮೇಲೆ ಮೀಟರ್ ಹಿಡಿದು ನೋಡಿ, ಬೆಸುಗೆಯ ಕಾದ ಕಡ್ಡಿ ಇಟ್ಟು ಆ ಒಂದು ರೆಸಿಸ್ಟರನ್ನು ಕಿತ್ತು, ಊದಿ ತಣಿಸಿ, ಮೇಷ್ಟ್ರ ಅಂಗೈಯಲ್ಲಿ ಹಾಕಿದಳು. ಮತ್ತೆ ಅದೇ ಹಾಡು ಹಾಕಿದಳು. ಎಡಗಡೆ ಪಿಟೀಲು ಇರಲಿಲ್ಲ. ಹಾಡುವವಳು ಬಲಗಡೆಯ ಪೆಟ್ಟಿಗೆಯೊಳಗೆ ಸರಿದು ಹೋಗಿದ್ದಳು.

ಮತ್ತೆ ಆರಿಸಿದಳು, ಮತ್ತೆ ಕಾದಳು. ಕೊಡಿ ಎಂದು ಕೈಚಾಚಿದಳು. ಮೇಷ್ಟ್ರು ಕೊಟ್ಟರು. ಕಾಲುಗಳನ್ನು ಬಗ್ಗಿಸಿ, ತೂತಿಗೆ ಇಳಿಸಿ, ಎರಡು ಬೊಟ್ಟು ಸೀಸ ಮುಟ್ಟಿಸಿದಳು. ಸಣ್ಣ ಹೊಗೆ ಎದ್ದು ಆರಿತು. ಮೂರನೇ ಸಲ ಮುಳ್ಳು ಇಳಿಸಿದಾಗ ಪಿಟೀಲು ಎಡಕ್ಕೆ ಬಂತು, ಹಾಡುವವಳು ನಡುವೆ ಬಂದು ನಿಂತಳು.

"ಇದನ್ನ ಗುರುವಾರ ಹಾಕಿದ್ದು ನಾನು," ಎಂದಳು. ದನಿ ಏರಿಸಲಿಲ್ಲ. ಮೈದುನನ ಕಡೆ ತಿರುಗಿದಳು. "ನಿನ್ನ ಡಬ್ಬೀಲಿ ಹೀಗೆ ಬಿಚ್ಚಿ ಹಾಕಿ ತೋರಿಸು, ಇವತ್ತೇ ಬೀಗದ ಕೈ ಕೊಡ್ತೀನಿ."

ಮೇಷ್ಟ್ರು ಬಹಳ ಹೊತ್ತು ಆಕೆಯ ಕೈಗಳನ್ನೇ ನೋಡಿದರು. ನಮ್ಮ ಮನೇಲಿ ಒಂದು ಟೇಪ್ ರೆಕಾರ್ಡರೂ ಇದೆಯಮ್ಮ, ನಾಳೆ ತರ್ತೀನಿ ಎಂದು ಹೇಳಿ, ಸೆಟ್ಟನ್ನು ಆಟೋಗೆ ಏರಿಸಿಕೊಂಡು ಹೋದರು.

ಮೈದುನ ಹೋಗಲಿಲ್ಲ. ದಡ್ಡನಲ್ಲ ಅವನು. ಹಲಗೆಗಳನ್ನೆಲ್ಲ ಒಂದು ಸುತ್ತು ನೋಡಿ, ಖಾಲಿಯಾದ ಮೇಜನ್ನು ನೋಡಿ, ಕೊನೆಗೆ ಕುರ್ಚಿಯ ಪಕ್ಕದ ಸ್ಟೂಲನ್ನು ನೋಡಿದ.

"ಇಷ್ಟು ಸಣ್ಣದನ್ನ ಅಣ್ಣ ಯಾಕೆ ಕಂಡುಹಿಡೀಲಿಲ್ಲ ಅತ್ತಿಗೆ?"

ಸೊಂಟದಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು.

"ನಾನು ಊರಲ್ಲಿರಲಿಲ್ಲ," ಎಂದಳು.

ಆಕೆ ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. ಗಂಡ ಕೂರುತ್ತಿದ್ದ ಕುರ್ಚಿಯನ್ನು ಮೇಜಿನ ಮುಂದೆ ಎಳೆದುಕೊಂಡು ಕೂತು, ಮೇಲಿನ ಹಲಗೆಯಲ್ಲಿದ್ದ ‘ಬಿಸಿಯಾದರೆ ಮೂಕ’ದ ಕಡೆ ಕೈ ತೋರಿಸಿ, ಅದನ್ನ ಇಳಿಸಿಕೊಡು, ನನಗೆ ಭಾರ ಎಂದಳು. ಮೈದುನ ಅಂಗಿಯ ತೋಳು ಮಡಚಿ, ಸ್ಟೂಲು ಹತ್ತಿ, ಇಳಿಸಿಕೊಟ್ಟ.