ಸಾರಿ ಹೇಳುವ ಜಾಗ

ಯಾರಾದರೂ 'ಸಾರಿ' ಎಂದರೆ ನದಾಫ ಸರ್ ಮೊದಲು ಸುತ್ತಲಿನ ಜಾಗ ನೋಡುತ್ತಿದ್ದರು. ತಪ್ಪು ನಡೆದದ್ದು ಅಲ್ಲೇ ಆಗಿದ್ದರೆ ಸರಿ. ಇಲ್ಲದಿದ್ದರೆ ಆ ಸಾರಿ ಚಾಲ್ತಿಯಲ್ಲಿಲ್ಲ.

ಬೆಂಗೇರಿಯ ನಮ್ಮ ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಉಳಿದ ಶಬ್ದಗಳಿಗೆ ಅರ್ಥ ಬರೆಸಿ ಮುಗಿಸುವವರು ಇದಕ್ಕೆ ಮಾತ್ರ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರು.

"ಎಕ್ಸ್‌ಕ್ಯೂಸ್ ಮಿ ಅನ್ನೋದು ಕಾಲು ತುಳಿಯೂಕಿಂತ ಮೊದಲ. ಸಾರಿ ಅನ್ನೋದು ತುಳದ ಮ್ಯಾಲೆ. ಪಾರ್ಡನ್ ಅಂದ್ರ, ಬೈದದ್ದು ಕೇಳಲಿಲ್ಲ, ಇನ್ನೊಮ್ಮೆ ಬೈರಿ ಅಂತ."

ನಾವು ನಕ್ಕರೂ ಅವರು ನಗುತ್ತಿರಲಿಲ್ಲ.

"ಎಲ್ಲಿ ತಪ್ಪ ಮಾಡೀರಿ, ಅಲ್ಲೇ ನಿಂತು, ಎಲ್ಲಾರ ಮುಂದ ಸಾರಿ ಹೇಳ್ರಿ. ಹೇಳಿ ಹೊಂಟಬಿಡ್ರಿ. ಮಾಫ್ ಮಾಡೋದು ಬಿಡೋದು ಅವರ ಮರ್ಜಿ. ಉತ್ತರಕ್ಕ ಕಾಯ್ಕೋತ ನಿಂತ್ರ ಅದು ಸಾರಿ ಅಲ್ಲ, ವಸೂಲಿ."

ಒಮ್ಮೆ ಸಂತೆಯಲ್ಲಿ ಆಟೋ ಒಂದು ಅವರ ಮೊಣಕಾಲಿಗೆ ಬಡಿಯಿತು. ಚಾಲಕ ಪಾಪ ಮರುದಿನ ಬಾಳೆಹಣ್ಣು ಹಿಡಿದು ಮನೆಗೇ ಬಂದ. "ತಪ್ಪು ಸಂತ್ಯಾಗ ಆಗೇತಿ, ಸಾರಿ ಮನ್ಯಾಗ್ಯಾಕ?" ಎಂದು ಸರ್ ಅದೇ ಆಟೋ ಹತ್ತಿ, ಕುಂಟುತ್ತ ಇಳಿದು, ಕಾಯಿಪಲ್ಲೆ ಮಾರುವವರ ಮುಂದೆ ಅವನಿಂದ ಹೇಳಿಸಿಯೇ ಬಿಟ್ಟರು. ಬಾಳೆಹಣ್ಣನ್ನೂ ಅಲ್ಲೇ ಹಂಚಿದರು.

ಇಂಥವರು ನನಗೊಂದು ಅನ್ಯಾಯ ಮಾಡಿದರು. ಒಂಬತ್ತನೇ ತರಗತಿಯಲ್ಲಿ ನಾನು ಇಂಗ್ಲಿಷಿನಲ್ಲಿ 'ನಮ್ಮ ಓಣಿಯ ನಳ' ಎಂಬ ಪ್ರಬಂಧ ಬರೆದಿದ್ದೆ. ಅದು ಹುಡುಗಿಯೊಬ್ಬಳು ಬರೆಯುವುದಕ್ಕಿಂತ ಛಲೋ ಇದೆ ಎಂದು ಅವರಿಗೆ ಅನ್ನಿಸಿತು. "ಗೈಡ್ ನೋಡಿ ಕಾಪಿ ಹೊಡದೀ," ಎಂದು ಇಡೀ ತರಗತಿಯ ಮುಂದೆ ಹೇಳಿ ಪುಟ ಹರಿದರು. ನಮ್ಮ ಓಣಿಯ ನಳ ಯಾವ ಗೈಡಿನಲ್ಲಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಶಾಲೆ ಬಿಡುವವರೆಗೂ ಗೆಳತಿಯರು ನನ್ನನ್ನು 'ಗೈಡ್' ಎಂದೇ ಕರೆದರು. ಮುಂದೆ ನಾನು ಅದೇ ಶಾಲೆಯ ಟೀಚರಾದೆ. ಸಿಟ್ಟು ಮಾತ್ರ ಹಾಗೇ ಇತ್ತು.

ಹೋದ ವರ್ಷ ಅದೇ ಒಂಬತ್ತನೇ ತರಗತಿಯ ಕೋಣೆಯಲ್ಲಿ ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ನದಾಫ ಸರ್ ನಿಂತಿದ್ದರು. ಕೋಲು ಹಿಡಿದಿದ್ದರು, ತೀರಾ ಬಡಕಲಾಗಿದ್ದರು. ನನ್ನನ್ನು ಕೇಳದೆ ಒಳಬಂದು, ಅಂದು ನಿಂತಿದ್ದ ಜಾಗದಲ್ಲೇ ನಿಂತರು.

"ಅವತ್ತಿನ ಮಂದೀನ್ನ ಕೂಡಸಾಕ ಆಗಲಿಲ್ಲ. ಅವರ ಬದಲಿ ನೀವ ಕೇಳ್ರಿ," ಎಂದು ಮಕ್ಕಳಿಗೆ ಹೇಳಿದರು. "ನಿಮ್ಮ ಟೀಚರ್ ಕಾಪಿ ಹೊಡದಾಳ ಅಂತ ಇಲ್ಲೇ ನಿಂತು ಹೇಳಿದ್ದೆ. ಈಗ ಅದ ಓಣ್ಯಾಗ ಮನಿ ಮಾಡೇನಿ. ನೀರು ಬರೂ ಮುಂದ ಆ ನಳ ಖರೇನ ಮೂರು ಸಲ ಕೆಮ್ಮತೈತಿ, ಆಕಿ ಬರದಿದ್ಳಲ್ಲ, ಹಂಗ. ಇದು ಯಾವ ಗೈಡಿನ್ಯಾಗೂ ಇರಂಗಿಲ್ಲ. ಸಾರಿ, ಶೈಲಾ."

ಹೇಳಿ ಹೊರಟೇಬಿಟ್ಟರು. ಮುಂದಿನ ಬೆಂಚಿನ ಹುಡುಗಿ, "ಟೀಚರ್, ನೀವು ಕಾಪಿ ಹೊಡದಿದ್ರೇನ್ರಿ?" ಎಂದಳು.

ಅವರ ಮನೆಗೆ ಹೋಗಿ ಮಾತಾಡಬಹುದಿತ್ತು. ಆದರೆ ಹಳೆಯ ಸಿಟ್ಟು ಲಗೂ ಇಳಿಯಲಿಲ್ಲ. ಮುಂದಿನ ವಾರ, ಮುಂದಿನ ವಾರ ಎನ್ನುವುದರಲ್ಲಿ ಸರ್ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು.

ಮರುದಿನ ತರಗತಿಗೆ ಹೋಗಿ, ಅವರು ನಿಂತಿದ್ದ ಜಾಗದಲ್ಲಿ ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ನಾ ನಿಮ್ಮನ್ನ ಮಾಫ್ ಮಾಡೇನ್ರಿ, ಸರ್."

ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿ ನೋಡಿದರು. ನಾನೂ ನೋಡಿದೆ.