ಗೇಟಿನ ಮೇಲೆ ಬಿದ್ದರು ಎಂಬ ಸುಳ್ಳು

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಈಳಿಗೆಮಣೆ, ಮಿಕ್ಸಿ, ಸ್ಕೂಟರುಗಳ ಜೊತೆ ಯಜಮಾನರ ಕಬ್ಬಿಣ ಕೊಯ್ಯುವ ಮಷೀನಿಗೂ ಪೂಜೆ. ಹೋದ ವರ್ಷ ಅದರ ಚಕ್ರಕ್ಕೆ ಕುಂಕುಮ ಇಡಲು ಹೋದರೆ ಚೂರು ಸಿಡಿಯದಂತೆ ಮೇಲೆ ಮುಚ್ಚಿದ್ದ ತಗಡಿನ ಗಾರ್ಡ್ ಅಡ್ಡ ಬಂತು. "ಒಂಚೂರು ಬಿಚ್ಚಿಕೊಡ್ರೀ" ಎಂದೆ. ಬಿಚ್ಚಿಕೊಟ್ಟರು. ಅದನ್ನು ತೊಳೆದು, ಅರಿಶಿನ ಹಚ್ಚಿ ದೇವರ ಮುಂದೆ ಬೇರೆಯಾಗಿ ಇಟ್ಟೆ. ಪೂಜೆ ಚೆನ್ನಾಗಿಯೇ ಆಯಿತು. ಗಾರ್ಡ್ ಅಲ್ಲೇ ಉಳಿಯಿತು.

ವಿಜಯದಶಮಿಯ ಮರುದಿನ ಪಕ್ಕದ ಮನೆಯವರು ಬಂದರು. ಮೈಸೂರಿನ ಒಂಟಿಕೊಪ್ಪಲಿಗೆ ಬಂದಾಗಿನಿಂದ ನಾನು ಅವರನ್ನು ಅಣ್ಣ, ಅವರ ಹೆಂಡತಿಯನ್ನು ಅಕ್ಕ ಎಂದೇ ಕರೆಯುವುದು.

"ಯಜಮಾನ್ರು ಇಲ್ವೇನಮ್ಮಾ? ಗೇಟಿನ ಕಂಬಿ ಒಂದು ಉದ್ದ ಆಗ್ಬುಟ್ಟಿದೆ. ಮಷೀನ್ ಬೇಕಿತ್ತು."

"ಅವರಿಲ್ದಿದ್ರೆ ಏನಣ್ಣ, ಮಷೀನ್ ಇದೆಯಲ್ಲ, ತಗೊಂಡೋಗಿ" ಎಂದು ನಾನೇ ಎತ್ತಿಕೊಟ್ಟೆ.

ಹತ್ತು ನಿಮಿಷವೂ ಆಗಿರಲಿಲ್ಲ, ಪಟ್ ಎಂದು ಸದ್ದು, ಹಿಂದೆಯೇ ಅಕ್ಕನ ಕೂಗು. ತಿರುಗುತ್ತಿದ್ದ ಚಕ್ರ ಒಡೆದು, ಒಂದು ಚೂರು ಅಣ್ಣನ ಎಡ ಮುಂಗೈಯನ್ನು ಸೀಳಿತ್ತು. ಇನ್ನೊಂದು ಚೂರು ಕನ್ನಡಕಕ್ಕೆ ಬಡಿದು ಗಾಜು ಬಿರಿದಿತ್ತು. ಕಣ್ಣು ಉಳಿದಿತ್ತು. ಅಕ್ಕ ಟವೆಲ್ ಬಿಗಿದು ಕಟ್ಟಿದರು, ನಾನು ಆಟೋ ಕರೆದೆ.

ಆಸ್ಪತ್ರೆಯಲ್ಲಿ ಏಟು ಹೇಗಾಯಿತೆಂದು ಬರೆದುಕೊಳ್ಳುವವರು ಕೇಳಿದಾಗ ಅಕ್ಕ ತಡವರಿಸದೆ ಹೇಳಿದರು: "ಗೇಟಿನ ಮೇಲೆ ಬಿದ್ಬುಟ್ರು."

ನಾನು ಬೆರಗಾಗಿ ನೋಡಿದೆ. ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. "ಸುಮ್ನಿರೇ. ಮಷೀನ್ ಅಂದ್ರೆ ಯಾರ್ದು, ಗಾರ್ಡ್ ಇಲ್ದೆ ಯಾಕೆ ಕೊಟ್ರಿ ಅಂತಾರೆ. ನಿಮ್ಮೆಜಮಾನ್ರು ಪೊಲೀಸ್ ಸ್ಟೇಷನ್ ಮೆಟ್ಲು ಹತ್ಬೇಕಾ?"

ಗಂಡನ ರಕ್ತ ಸೆರಗಿಗೆ ಹತ್ತಿದ್ದಾಗಲೂ ಆಕೆಗೆ ನಮ್ಮ ಮನೆಯ ಚಿಂತೆ. ಆ ಕ್ಷಣ ನನಗೆ ನಿರಾಳವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಚಕ್ರ ಒಡೆದದ್ದು ಡಾಕ್ಟರಿಗೆ ಗೊತ್ತಾ?" ಎಂದರು.

"ಇಲ್ಲ."

"ಚೂರು ಕೈಯೊಳಗೇ ಇದ್ರೆ? ಮೊದ್ಲು ಹೋಗಿ ಹೇಳು. ಗಾರ್ಡ್ ಬಿಚ್ಚಿದ್ದು ನಾನು ಅಂತಾನೂ ಹೇಳು."

ಓಡಿದೆ. ಡಾಕ್ಟರಮ್ಮ ಆಗಲೇ ಹೊಲಿಗೆಗೆ ಸೂಜಿ ಹಿಡಿದಿದ್ದರು. "ಗೇಟಲ್ಲ ಡಾಕ್ಟ್ರೇ, ಮಷೀನಿನ ಚಕ್ರ ಒಡೆದದ್ದು. ಮಷೀನ್ ನಮ್ದು" ಎಂದೆ. ಅಕ್ಕ ನನ್ನ ತೋಳು ಚಿವುಟಿದರು. ಡಾಕ್ಟರಮ್ಮ ಸೂಜಿ ಕೆಳಗಿಟ್ಟು ಎಕ್ಸ್‌ರೇಗೆ ಕಳಿಸಿದರು. ಗಾಯದ ಆಳದಿಂದ ಕೊನೆಗೆ ತೆಗೆದದ್ದು ಅರ್ಧ ಹುಣಿಸೆಬೀಜದಷ್ಟು ಕಪ್ಪು ಚೂರು.

"ಇದು ಒಳಗೇ ಉಳಿದಿದ್ರೆ ಕೀವಾಗಿ ಕೈಗೇ ಕುತ್ತು ಬರ್ತಿತ್ತು" ಎಂದವರು ಅಕ್ಕನ ಕಡೆ ತಿರುಗಿದರು. "ನಿಮ್ಮನೆ ಗೇಟು ಹೀಗೆ ಚೂರು ಚೂರಾಗಿ ಹಾರುತ್ತೇನಮ್ಮಾ?"

"ಹಳೇ ಗೇಟು ಡಾಕ್ಟ್ರೇ" ಎಂದರು ಅಕ್ಕ. ಆ ನೋವಿನಲ್ಲೂ ಅಣ್ಣ ನಕ್ಕುಬಿಟ್ಟರು.

ಆಸ್ಪತ್ರೆಯಿಂದ ಸುದ್ದಿ ಹೋಗಿ ಸಂಜೆ ಪೊಲೀಸಿನವರು ಅಲ್ಲಿಗೇ ಬಂದರು. ಅವರು ಕೇಳುವ ಮೊದಲೇ, ಅಷ್ಟರಲ್ಲಿ ಬಂದು ಸೇರಿದ್ದ ಯಜಮಾನರು, ಗಾರ್ಡ್ ಬಿಚ್ಚಿ ಹಾಗೇ ಬಿಟ್ಟದ್ದು ತಾವೇ ಎಂದರು. ಕೊಟ್ಟದ್ದು ನಾನು ಎಂದೆ.

"ಇಂಥ ಸ್ಥಿತೀಲಿ ಮಷೀನ್ ಕೊಟ್ರೆ ಜವಾಬ್ದಾರಿ ನಿಮ್ಮ ಮೇಲೂ ಬರಬಹುದು, ಗೊತ್ತಾ?"

"ನಾನೇನು ಕಣ್ಮುಚ್ಕೊಂಡು ಸ್ವಿಚ್ ಹಾಕಿದ್ನಾ?" ಎಂದರು ಅಣ್ಣ ಮಂಚದಿಂದ. "ಗಾರ್ಡ್ ಇಲ್ದಿದ್ದು ನೋಡೇ ಹಾಕಿದ್ದು. ಅದನ್ನೂ ಬರ್ಕೊಳ್ಳಿ."

"ತಪ್ಪು ಒಪ್ಕೊಳ್ಳೋಕೂ ಸಾಲು ನಿಲ್ತೀರಲ್ಲ! ಒಬ್ಬೊಬ್ಬರಾಗಿ ಹೇಳಿ ಸ್ವಾಮಿ" ಎಂದು ಪೊಲೀಸಿನವರು ಬರೆದುಕೊಂಡರು. ಅಣ್ಣ ದೂರಿಲ್ಲವೆಂದು ಸಹಿ ಹಾಕಿದರು. ಯಜಮಾನರು ಮಾತ್ರ ತಾವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಇಂಥವರ ಮಧ್ಯೆ ನನ್ನನ್ನು ಇಟ್ಟಿದ್ದಾಳಲ್ಲ ಎಂದು ತಾಯಿ ಚಾಮುಂಡಿಗೆ ಅಲ್ಲೇ ಕೈಮುಗಿದೆ.

ಹೊಲಿಗೆ ಬಿಚ್ಚುವ ದಿನ ನಾವೂ ಜೊತೆಗೆ ಹೋದೆವು. ಎಡಗೈಯ ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಮುಟ್ಟಿಸಿ ಎಂದರು ಡಾಕ್ಟರಮ್ಮ. ತೋರುಬೆರಳು, ನಡುಬೆರಳು, ಉಂಗುರಬೆರಳು ಸಲೀಸಾಗಿ ಮುಟ್ಟಿದವು. ಕಿರುಬೆರಳಿಗೆ ಬಂದಾಗ ಹೆಬ್ಬೆರಳು ಅರ್ಧದಲ್ಲೇ ನಿಂತಿತು. ಯಜಮಾನರು ಉಸಿರು ಹಿಡಿದು ನಿಂತಿದ್ದರು. ಅಕ್ಕ ಬೇರೆ ಕಡೆ ನೋಡುತ್ತಿದ್ದರು.

ಮುಟ್ಟಿತು.

"ಸಾಕಾ ಡಾಕ್ಟ್ರೇ, ಇನ್ನೊಂದ್ಸಲ ಮಾಡ್ಲಾ?" ಎಂದರು ಅಣ್ಣ.